ದುಡ್ಡು ಯಾವ ಆ್ಯಪ್‌ಗಾದರೂ ಹೋಗುತ್ತದೆ, ಮುಖ ಯಾಕೆ ಹೋಗುವುದಿಲ್ಲ?

ಸಂಪಾದಕರಿಗೆ ನಮಸ್ಕಾರ.

ಚೌತಿಯ ಬೆಳಿಗ್ಗೆ ನಮ್ಮ ಮನೆಯ ದೇವರ ಕೋಣೆ ಎದುರು ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಸ್ಟೂಲು. ಅದರ ಮೇಲೆ ಎರಡು ಫೋನು, ಎದುರುಬದುರು. ಒಂದಕ್ಕೆ ಅವಲಕ್ಕಿ ಡಬ್ಬಿಯ ಆಸರೆ, ಇನ್ನೊಂದಕ್ಕೆ ಬೆಲ್ಲದ ಡಬ್ಬಿಯದು. ಈ ಫೋನಿನಲ್ಲಿ ನ್ಯೂಜೆರ್ಸಿಯ ತಂಗಿ, ಅಲ್ಲಿ ರಾತ್ರಿ ಹತ್ತು ಗಂಟೆ. ಆ ಫೋನಿನಲ್ಲಿ ದುಬೈಯ ತಮ್ಮ, ಅಲ್ಲಿ ಬೆಳಿಗ್ಗೆ ಆರು. ಅವರಿಬ್ಬರೂ ಒಬ್ಬರಿಗೊಬ್ಬರು ಮುಖ ನೋಡಿ ಮಾತಾಡಲಿ ಅಂತ ಫೋನುಗಳನ್ನೇ ಮುಖಾಮುಖಿ ಕೂರಿಸಿದ್ದು ನನ್ನ ತಲೆಯ ಉಪಾಯ.

ತಂಗಿ 'ಹಲೋ' ಅಂದಳು. ಅದು ಈ ಫೋನಿನಿಂದ ಹೊರಟು ಆ ಫೋನಿನ ಮೈಕಿಗೆ ಬಿತ್ತು, ದುಬೈಗೆ ಹೋಗಿ ತಮ್ಮನ ಸ್ಪೀಕರಿನಿಂದ ತಿರುಗಿ ಬಂತು, ಮತ್ತೆ ಇಲ್ಲಿಂದ ನ್ಯೂಜೆರ್ಸಿಗೆ ಹೊರಟಿತು, ಮೂರನೇ ಸುತ್ತಿಗೆ ಬರೀ ಶಿಳ್ಳೆ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕುಕ್ಕರ್ ಕೂಗಿತು ಅಂದುಕೊಂಡು ಗ್ಯಾಸ್ ಆರಿಸಿದಳು. ಇವೆರಡರ ನಡುವೆ 82 ವರ್ಷದ ಅಮ್ಮ ಪಂಚಕಜ್ಜಾಯದ ಬಟ್ಟಲು ಹಿಡಿದು, ಯಾವ ಫೋನಿಗೆ ತೋರಿಸುವುದು ಅಂತ ಗೊತ್ತಾಗದೆ, 'ಹ್ವಾಯ್, ಕೇಂತಾ?' ಅಂತ ಎರಡಕ್ಕೂ ಕೂಗುತ್ತಿದ್ದರು. ಕೊನೆಗೆ ಒಂದನ್ನು ಮ್ಯೂಟ್ ಮಾಡಿದೆ. ತಮ್ಮ ಮಾತಾಡುವಾಗ ತಂಗಿ ಮೂಗಿ, ತಂಗಿ ಮಾತಾಡುವಾಗ ತಮ್ಮ ಮೂಗ.

ಎಲ್ಲರೂ ಒಂದೇ ಆ್ಯಪ್ ಹಾಕಿಕೊಳ್ಳಿ ಮಾರಾಯ್ರೇ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಇಂಟರ್ನೆಟ್ ಕರೆಗೆ ಪರವಾನಗಿ ಬೇಕು, ಹಾಗಾಗಿ ತಮ್ಮನದು ಪರವಾನಗಿ ಇರುವ ಬೇರೆ ಆ್ಯಪ್. ಗಲ್ಫಿಗೆ ಮಕ್ಕಳನ್ನು ಕಳಿಸಿದ ನಮ್ಮ ಕರಾವಳಿಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಗಿಯ ಫೋನು ಆಫೀಸಿನವರು ಕೊಟ್ಟದ್ದು, ಹೊಸ ಆ್ಯಪ್ ಹಾಕುವ ಹಾಗಿಲ್ಲ. ಅವಳೇನಿದ್ದರೂ ಲಿಂಕ್ ಕಳಿಸಬೇಕು, ನಾವು ಬ್ರೌಸರಿನಲ್ಲಿ ತೆರೆಯಬೇಕು. ಇನ್ನು ಅಮ್ಮನ ಹತ್ತಿರ ಇರುವುದು ಹಳೇ ಟ್ಯಾಬ್. ಸ್ಕ್ರೀನ್ ಚೆನ್ನಾಗಿದೆ, ಬ್ಯಾಟರಿಯೂ ಪರವಾಗಿಲ್ಲ, ಆದರೆ ಯಾವ ಆ್ಯಪ್ ಹಾಕಲು ಹೋದರೂ ಈ ಸಾಧನಕ್ಕೆ ಇದು ಹೊಂದುವುದಿಲ್ಲ ಅನ್ನುತ್ತದೆ. ಅದರಲ್ಲಿ ಈಗ ಬರೀ ಭಜನೆ ಕೇಳುತ್ತಾರೆ.

ನನ್ನ ಪ್ರಶ್ನೆ ತುಂಬಾ ಸಣ್ಣದು. ಬಾಗಿಲಿಗೆ ಮೀನು ತರುವ ಹೆಂಗಸಿನ ಹತ್ತಿರ 200 ರೂಪಾಯಿ ಬಂಗುಡೆ ತಗೊಂಡರೆ, 'ನಿಮ್ಮದು ಫೋನ್‌ಪೇಯೋ ಗೂಗಲ್ ಪೇಯೋ' ಅಂತ ಯಾರಾದರೂ ಕೇಳುತ್ತೇವಾ? ನಮ್ಮ ಆ್ಯಪ್ ಯಾವುದೋ, ಅವರದ್ದು ಯಾವುದೋ, ಬ್ಯಾಂಕೂ ಬೇರೆ. ಕೋಡಿಗೆ ಫೋನ್ ಹಿಡಿದರೆ ಸಾಕು, ದುಡ್ಡು ಹೋಯಿತು. 2016ರಲ್ಲಿ ಯುಪಿಐ ಬರುವ ಮೊದಲು ಹೀಗಿರಲಿಲ್ಲ, ನೆನಪಿದೆಯಲ್ವಾ? ಆಗ ಒಂದು ವಾಲೆಟಿನ ದುಡ್ಡು ಇನ್ನೊಂದು ವಾಲೆಟಿಗೆ ಹೋಗುತ್ತಿರಲಿಲ್ಲ. ಎಲ್ಲರೂ ಒಂದೇ ದಾರಿಯಲ್ಲಿ ಬನ್ನಿ ಅಂತ ವ್ಯವಸ್ಥೆ ಮಾಡಿದ ಮೇಲೆ ಸರಿಹೋಯಿತು. ಮಾಮೂಲಿ ಫೋನ್ ಕರೆಯೂ ಅಷ್ಟೇ. ಬಿಎಸ್ಎನ್ಎಲ್ ಲ್ಯಾಂಡ್‌ಲೈನಿನಿಂದ ಜಿಯೋ ಮೊಬೈಲಿಗೆ ಮಾಡಿ, ಏರ್‌ಟೆಲ್‌ಗೆ ಮಾಡಿ, ರಿಂಗ್ ಆಗುತ್ತದೆ. ಮುಖ ಸೇರಿದ ತಕ್ಷಣ ಮಾತ್ರ ಪ್ರತಿ ಕಂಪನಿಗೂ ಸುತ್ತ ಬೇಲಿ ಬೇಕು.

ಇದು ಹೀಗೇ ಆಗಬೇಕಿತ್ತು ಅಂತೇನೂ ಇರಲಿಲ್ಲ. 2010ರಲ್ಲಿ ಐಫೋನ್ 4 ಜೊತೆ ತಮ್ಮ ವಿಡಿಯೊ ಕರೆ ಫೇಸ್‌ಟೈಮ್ ತೋರಿಸುವಾಗ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್, ಇದನ್ನು ಎಲ್ಲರೂ ಬಳಸುವ ಮುಕ್ತ ಮಾನದಂಡ ಮಾಡುತ್ತೇವೆ ಅಂತ ವೇದಿಕೆ ಮೇಲೆಯೇ ಹೇಳಿದ್ದರು. ಆಗಲಿಲ್ಲ. ಮಧ್ಯೆ ಪೇಟೆಂಟ್ ಜಗಳವೂ ಬಂತು. ಹನ್ನೊಂದು ವರ್ಷ ಬಿಟ್ಟು, 2021ರಲ್ಲಿ, ಆಂಡ್ರಾಯ್ಡ್ ಮತ್ತು ವಿಂಡೋಸ್‌ನವರು ಲಿಂಕ್ ಒತ್ತಿ ಬ್ರೌಸರಿನಿಂದ ಸೇರಬಹುದು ಎಂದಾಯಿತು. ಸೇರಬಹುದು ಅಷ್ಟೇ, ಅವರಾಗಿ ಕರೆ ಮಾಡುವ ಹಾಗಿಲ್ಲ. ಎಲ್ಲ ಬಗೆಯ ಫೋನು, ಕಂಪ್ಯೂಟರಿನಲ್ಲೂ ನಡೆಯುತ್ತಿದ್ದ ವಿಡಿಯೊ ಕರೆಯ ಆ್ಯಪ್ ಸ್ಕೈಪ್ 2025ರ ಮೇ 5ಕ್ಕೆ ಬಾಗಿಲು ಹಾಕಿತು.

ಲಿಂಕ್ ಇದ್ದರೆ ಸಾಲದಾ ಅಂತ ನನ್ನ ಮಗ ಕೇಳುತ್ತಾನೆ. ಬ್ರೌಸರಿನಲ್ಲೇ ವಿಡಿಯೊ ಕರೆ ನಡೆಸುವ ವೆಬ್‌ಆರ್‌ಟಿಸಿ ತಂತ್ರ 2021ರಲ್ಲೇ ಅಧಿಕೃತ ಮಾನದಂಡ ಆಗಿದೆ, ಯಾವ ಕಂಪ್ಯೂಟರ್ ಆದರೂ ಸರಿ ಅನ್ನುತ್ತಾನೆ. ಸರಿಯೇ. ಆದರೆ ಲಿಂಕ್ ರಿಂಗ್ ಆಗುವುದಿಲ್ಲ! ಲಿಂಕ್ ಅಂದರೆ ಡಾಕ್ಟರ ಹತ್ತಿರ ಟೋಕನ್ ತಗೊಂಡ ಹಾಗೆ. ಮೊದಲು ಮೆಸೇಜ್ ಹುಡುಕಬೇಕು, ಒತ್ತಬೇಕು, ಹೆಸರು ಟೈಪ್ ಮಾಡಬೇಕು, ಕ್ಯಾಮೆರಾಗೆ ಒಂದು ಅನುಮತಿ, ಮೈಕಿಗೆ ಇನ್ನೊಂದು. ಅಮ್ಮ ಒಮ್ಮೆ ಹೆದರಿ ಬೇಡ ಅಂತ ಒತ್ತಿದ್ದಕ್ಕೆ ಆಮೇಲೆ ಎಷ್ಟು ಸಲ ತೆರೆದರೂ ಕಪ್ಪು ಚೌಕವೇ ಬರುತ್ತಿತ್ತು, ಸೆಟ್ಟಿಂಗಿನಲ್ಲಿ ಹುಡುಕಿ ಸರಿಮಾಡುವಷ್ಟರಲ್ಲಿ ಆಚೆ ಕಡೆ ಮೊಮ್ಮಗು ನಿದ್ದೆ ಹೋಗಿತ್ತು. ಅಮ್ಮನಿಗೆ ಬೇಕಾದದ್ದು ಮೀಟಿಂಗ್ ಅಲ್ಲ. ಮಧ್ಯಾಹ್ನ ಊಟ ಆದ ಮೇಲೆ ಸುಮ್ನೆ ಮಗನ ನೆನಪಾದರೆ ಅವನ ಫೋಟೋ ಒತ್ತಬೇಕು, ಅಲ್ಲಿ ಗಂಟೆ ಹೊಡೆಯಬೇಕು.

ಕಂಪನಿಗಳು ಹೇಳುವ ಕಾರಣವೂ ಗೊತ್ತು. ಕರೆ ಪೂರ್ತಿ ಗುಟ್ಟಾಗಿ ಹೋಗುತ್ತದೆ, ಬೇರೆ ಆ್ಯಪ್ ಜೊತೆ ಸೇರಿಸಿದರೆ ಗುಟ್ಟು ಉಳಿಯುವುದು ಕಷ್ಟ ಅನ್ನುತ್ತವೆ. ಸುಳ್ಳಲ್ಲ, ಎರಡೂ ಕಡೆಯ ಬೀಗ ಮತ್ತು ಕೀಲಿ ಒಂದೇ ಲೆಕ್ಕದಲ್ಲಿ ಇರಬೇಕಾಗುತ್ತದೆ. ಹಾಗಂತ ಯುರೋಪಿನವರು ಕೈಕಟ್ಟಿ ಕೂತಿಲ್ಲ. ಅವರ ಡಿಜಿಟಲ್ ಮಾರುಕಟ್ಟೆ ಕಾಯ್ದೆ ಪ್ರಕಾರ ವಾಟ್ಸ್‌ಆ್ಯಪ್‌ನಂಥ ದೊಡ್ಡವರು, ಕೇಳಿಕೊಂಡು ಬರುವ ಬೇರೆ ಆ್ಯಪ್‌ಗಳಿಗೆ ಬಾಗಿಲು ತೆರೆಯಬೇಕು, ಅದೂ ಗುಟ್ಟಿನ ಭದ್ರತೆ ಕಡಿಮೆಯಾಗದ ಹಾಗೆ. ಮೊದಲು ಮೆಸೇಜು, ಆಮೇಲೆ ಗುಂಪು, ನಾಲ್ಕು ವರ್ಷದೊಳಗೆ ಕರೆ ಮತ್ತು ವಿಡಿಯೊ. ಈ ದೊಡ್ಡವರ ಪಟ್ಟಿ ಮಾಡಿದ 2023ರಿಂದ ಲೆಕ್ಕ ಹಾಕಿದರೆ ಕರೆಯ ಸರದಿ 2027ಕ್ಕೆ ಬರುತ್ತದೆ. ಫೇಸ್‌ಟೈಮ್ ಆ ಪಟ್ಟಿಯಲ್ಲಿ ಇಲ್ಲ ಅನ್ನುವುದು ಬೇರೆ ಮಾತು.

ನಮ್ಮಲ್ಲೂ 2024ರಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂದಿತ್ತು. ಅಂಥ ಕಾನೂನು ಮತ್ತೆ ಮೇಜಿಗೆ ಬರುವಾಗ ವಿಡಿಯೊ ಕರೆಯನ್ನೂ ಅದರೊಳಗೆ ಸೇರಿಸಿ ಅಂತ ನಮ್ಮ ಸಂಸದರು ಕೇಳಬೇಕು. ಯುಎಇ ಸರ್ಕಾರದ ನಿಯಮ ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ತಮ್ಮನ ಪರವಾನಗಿ ಆ್ಯಪ್‌ನಿಂದ ಹೊರಟ ಕರೆ ಅಮ್ಮನ ಯಾವುದೇ ಆ್ಯಪ್‌ಗೆ ಬರುವ ಹಾಗಿದ್ದರೆ ನಮ್ಮ ಮನೆಯ ಅರ್ಧ ಗೋಳು ಮುಗಿಯುತ್ತಿತ್ತು. ಯುಪಿಐ ಮಾಡಿದ ದೇಶ ಇದು, ಹೇಗೆ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಅಲ್ಲಿಯವರೆಗೆ ನಿಮ್ಮ ಓದುಗರಲ್ಲಿ ಒಂದು ಕೋರಿಕೆ. ದೀಪಾವಳಿಗೆ ಮತ್ತೆ ಸ್ಟೂಲು, ಎರಡು ಡಬ್ಬಿ, ಎರಡು ಫೋನು ಇಡುವುದೇ ಅಂತ ಅಮ್ಮ ಈಗಲೇ ಹೇಳಿಯಾಗಿದೆ. ಆ ಶಿಳ್ಳೆ ಬಾರದ ಹಾಗೆ ಮಾಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಇದೇ ಅಂಕಣಕ್ಕೆ ಬರೆದು ತಿಳಿಸಿ.

ಇಂತಿ,
ಒಬ್ಬ ಓದುಗ, ಕುಂದಾಪುರ