ಒಂದು ಪಾಯಿಂಟಿನ ಸಂಕಟ

ಮೈಸೂರು
ನವೆಂಬರ್ 2, 2023

ಪ್ರೀತಿಯ ಪುಟ್ಟಿ,

ಭಾನುವಾರ ಬೆಳಗ್ಗೆ ಆರಕ್ಕೆ ನಿನ್ನ ಫೋನ್ ಬಂದಾಗ ನಾನು ಗ್ರಹಣ ಕಳೆದ ಮೇಲಿನ ಕೆಲಸದಲ್ಲಿದ್ದೆ. ಡಬ್ಬಗಳ ಮೇಲಿನ ದರ್ಭೆ ತೆಗೆದು, ತಲೆಗೆ ಸ್ನಾನ ಮಾಡಿ, ಆಗಷ್ಟೇ ಡಿಕಾಕ್ಷನ್‌ಗೆ ನೀರಿಟ್ಟಿದ್ದೆ. ನಿನ್ನ ದನಿ ಕೇಳಿ ಎದೆ ಧಸಕ್ಕೆಂದಿತು. "ಅಮ್ಮಾ, ಒಂದೇ ಒಂದು ಪಾಯಿಂಟಲ್ಲಿ ಸೋತುಬಿಟ್ವಿ" ಅಂದೆ. ಯಾರು ಸೋತರು, ಯಾವುದರಲ್ಲಿ ಸೋತರು ಅಂತ ಗೊತ್ತಾಗಲು ನನಗೆ ಎರಡು ನಿಮಿಷ ಬೇಕಾಯಿತು: ನ್ಯೂಜಿಲೆಂಡಿನವರು, ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ.

ಅಲ್ಲ ಕಣೇ, "ಸೋತರು" ಅನ್ನಲಿಲ್ಲ ನೀನು. "ಸೋತುಬಿಟ್ವಿ" ಅಂದೆ.

ಸೆಪ್ಟೆಂಬರಿನಿಂದ ಬೈದಿದ್ದೇ ಬೈದಿದ್ದು ನೀನು. ಆಕ್ಲೆಂಡಿನಲ್ಲಿ ರಗ್ಬಿ ಬಿಟ್ಟರೆ ಬೇರೆ ಮಾತಿಲ್ಲ, ಮ್ಯಾಚ್ ನೋಡಿಲ್ಲ ಅಂದರೆ ಯಾವುದೋ ಕಾಯಿಲೆ ಬಂದವಳ ಹಾಗೆ ನೋಡುತ್ತಾರೆ ಅಂತ ಗೋಳಾಡಿದೆ. ಆಫೀಸಿನಲ್ಲಿ ಹಂಚಿದ ಆ ತಂಡದ ಕರಿ ಟೀ ಶರ್ಟನ್ನು ಅಡುಗೆಕಟ್ಟೆ ಒರೆಸೋಕೆ ಇಟ್ಟುಕೊಳ್ತೀನಿ ಅಂದೆ. ಮೊದಲ ಮ್ಯಾಚಿನಲ್ಲೇ ಫ್ರಾನ್ಸ್ ನಿಮ್ಮವರನ್ನು 27-13ರಲ್ಲಿ ಸೋಲಿಸಿದಾಗ "ಒಳ್ಳೇದಾಯ್ತು, ಬೇಗ ಮುಗಿಯಲಿ" ಅಂದವಳೂ ನೀನೇ. ಈಗ ಮೂಗು ಸೊರಗುಟ್ಟಿಸಿಕೊಂಡು ಫೋನ್ ಮಾಡಿ, "ನನಗ್ಯಾಕಮ್ಮಾ ಅಳು ಬಂತು, ನಾನೇನು ನಾಟಕ ಆಡ್ತಿದ್ದೀನಾ" ಅಂತ ನನ್ನನ್ನೇ ಕೇಳುತ್ತೀಯ.

ಆಮೇಲೆ ಮೊಬೈಲಿನಲ್ಲಿ ನಾನೂ ನೋಡಿದೆ. ಅಪ್ಪ ಪಕ್ಕದಲ್ಲಿ ಕೂತು, ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿ ಹಾಗಿದೆ ಅಂದರು. ಎಂಟೆಂಟು ಜನ ತಲೆಗೆ ತಲೆ ಕೊಟ್ಟು ತಳ್ಳಾಡುವುದು ನೋಡಿ ನನಗೆ ಮಂಡ್ಯದ ಕಡೆ ನಮ್ಮೂರ ಹಬ್ಬದ ಕಬಡ್ಡಿ ನೆನಪಾಯಿತು. ನಿಮ್ಮ ದೊಡ್ಡ ಮಾವ ಮಂಡಿ ಕಿತ್ತುಕೊಂಡು ಬಂದಾಗಲೆಲ್ಲ ನಿಮ್ಮಜ್ಜಿ ಅರಿಶಿನ ಹಚ್ಚುತ್ತಾ ಶಾಪ ಹಾಕುತ್ತಿದ್ದರು. ಪಕ್ಕದೂರಿನವರು ಗೆದ್ದರೆ ಮಾತ್ರ ಅಜ್ಜಿ ಆ ರಾತ್ರಿ ಊಟ ಮಾಡುತ್ತಿರಲಿಲ್ಲ. ಅದನ್ನು ಯಾರೂ ನಾಟಕ ಅನ್ನಲಿಲ್ಲ.

ಆದರೆ ಲೆಕ್ಕ ಮಾತ್ರ ನನಗೆ ಅನ್ಯಾಯ ಅನ್ನಿಸಿತು. ಚೆಂಡನ್ನು ಗೆರೆ ದಾಟಿಸಿ ನೆಲಕ್ಕೆ ಒತ್ತಿದರೆ 5 ಪಾಯಿಂಟ್, ಅಲ್ವಾ? ಹಾಗೆ ಒತ್ತಿದ್ದು ನಿಮ್ಮವರೊಬ್ಬರೇ. ದಕ್ಷಿಣ ಆಫ್ರಿಕಾದವರು ನಾಲ್ಕು ಸಲ ಪೆನಾಲ್ಟಿ ಒದ್ದು, ಮೂರರಂತೆ 12 ಮಾಡಿಕೊಂಡು ಕಪ್ ಎತ್ತಿದರು. ನಿಮ್ಮದು ಎರಡು ಪೆನಾಲ್ಟಿ ಸೇರಿ 11. ನಿಮ್ಮ ಕ್ಯಾಪ್ಟನ್‌ಗೆ ರೆಡ್ ಕಾರ್ಡ್ ಬೇರೆ, ಅರ್ಧ ಆಟಕ್ಕಿಂತ ಜಾಸ್ತಿ ಹೊತ್ತು 14 ಜನರೇ ಆಡಿದ್ದು. ಅದೇ ದಿನ ಧರ್ಮಶಾಲಾದಲ್ಲಿ ನ್ಯೂಜಿಲೆಂಡ್ ಕ್ರಿಕೆಟ್‌ನಲ್ಲೂ ಆಸ್ಟ್ರೇಲಿಯಾಕ್ಕೆ ಬರೀ 5 ರನ್ನಿನಿಂದ ಸೋತಿತ್ತು. ರಾತ್ರಿ ನಿಮ್ಮ ಫೈನಲ್ ನಡೆಯುವಾಗಲೇ ಇಲ್ಲಿ ಚಂದ್ರಗ್ರಹಣ. ನಿಮ್ಮಜ್ಜಿ ಇದ್ದಿದ್ದರೆ ಬೇರೆ ಕಾರಣ ಹುಡುಕುತ್ತಲೇ ಇರಲಿಲ್ಲ.

ನನ್ನ ವಿಷಯ ಹೇಳುತ್ತೇನೆ, ಕೇಳು. ದಸರಾ ಬಂತೆಂದರೆ ನಾನು ಮುಖ ಗಂಟು ಹಾಕಿಕೊಳ್ಳುವುದು ನಿನಗೆ ಗೊತ್ತು. ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಮೊಳ ಮಲ್ಲಿಗೆ ತರಲು ಅರ್ಧ ದಿನ ಬೇಕು. ಬಸ್ಸು ಎಲ್ಲಿ ನಿಲ್ಲುತ್ತದೋ ಆ ದೇವರೇ ಬಲ್ಲ. ಜಂಬೂಸವಾರಿಯನ್ನು ಎದುರು ನಿಂತು ನೋಡದೆ ಎಷ್ಟು ವರ್ಷವಾಯಿತೋ. ಈ ಸಲ ವಿಜಯದಶಮಿಗೆ ಬೆಂಗಳೂರಿನಿಂದ ನಿನ್ನ ಅತ್ತೆ ಬಂದಿದ್ದರು. "ಏನಿದೆ ಇದರಲ್ಲಿ, ಸುಮ್ನೆ ಟ್ರಾಫಿಕ್ ಜಾಮ್" ಅಂದರು. ನಾನು ಹತ್ತು ದಿನದಿಂದ ಹೇಳುತ್ತಿದ್ದದ್ದೂ ಅದನ್ನೇ! ಆದರೂ ಮೈಯೆಲ್ಲ ಉರಿದುಹೋಯಿತು. 750 ಕೆಜಿ ಅಂಬಾರಿ ಹೊತ್ತು ಅಭಿಮನ್ಯು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುವುದು ನಿಮಗೆ ಟ್ರಾಫಿಕ್ ಜಾಮಾ ಅಂತ ಕೇಳಿಯೇಬಿಟ್ಟೆ. ಅಪ್ಪ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಬೈಯುವ ಹಕ್ಕು ನಮ್ಮದು, ಬೆಂಗಳೂರಿನವರಿಗೆ ಯಾರು ಕೊಟ್ಟರು?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಿನ್ನ ಮನೆ ಓನರಮ್ಮನ ಕಥೆ. 1981ರಲ್ಲಿ ದಕ್ಷಿಣ ಆಫ್ರಿಕಾ ತಂಡ ನ್ಯೂಜಿಲೆಂಡಿಗೆ ಬಂದಾಗ, ಕರಿಯರನ್ನು ತುಳಿಯುವ ಸರ್ಕಾರದ ತಂಡ ನಮಗೆ ಬೇಡ ಅಂತ ಊರೂರಲ್ಲಿ ಜನ ಬೀದಿಗಿಳಿದರು, ಹ್ಯಾಮಿಲ್ಟನ್‌ನಲ್ಲಿ ಮೈದಾನಕ್ಕೇ ನುಗ್ಗಿ ಮ್ಯಾಚ್ ನಿಲ್ಲಿಸಿದರು ಅಂದೆಯಲ್ಲ. ಆಟ ಬೇಕು ಅನ್ನುವ ಅಣ್ಣ, ಬೇಡ ಅನ್ನುವ ತಂಗಿ. ಒಂದೇ ಮನೆಯೊಳಗೆ ಮಾತು ನಿಂತುಹೋಗಿತ್ತಂತೆ. ಆವತ್ತಿನಿಂದ ರಗ್ಬಿ ಕಡೆ ತಿರುಗಿಯೂ ನೋಡದ ಆಕೆ ಈ ಭಾನುವಾರ ಟೀವಿ ಹಾಕಿದ್ದರಂತೆ. ಸಿಯಾ ಕೊಲಿಸಿ ಕಪ್ ಎತ್ತಿದಾಗ, ಸೋತಿದ್ದು ತಮ್ಮ ದೇಶವಾದರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ದಕ್ಷಿಣ ಆಫ್ರಿಕಾ ತಂಡದ ಮೊದಲ ಕರಿಯ ಕ್ಯಾಪ್ಟನ್ ಆತ. ಅದೇ ಕೋಣೆಯಲ್ಲಿ ನೀನು ಕಣ್ಣೊರೆಸಿಕೊಂಡು ಕೂತಿದ್ದೆ. ಇಬ್ಬರಿಗೂ ಆಟ ಬೇಡ, ಇಬ್ಬರೂ ಕೊನೆತನಕ ಕೂತಿರಿ. ಆಕೆಗೆ ನನ್ನ ನಮಸ್ಕಾರ ಹೇಳು. ದೀಪಾವಳಿಗೆ ಕಳಿಸುತ್ತಿರುವ ಕೋಡುಬಳೆಯಲ್ಲಿ ಅರ್ಧ ಅವರಿಗೆ ಕೊಡು, ಖಾರ ಕಡಿಮೆ ಹಾಕಿದ್ದೇನೆ.

ಇಲ್ಲಿ ಗೊಂಬೆಗಳನ್ನೆಲ್ಲ ಪೇಪರ್ ಸುತ್ತಿ ಅಟ್ಟಕ್ಕೆ ಹಾಕಿದ್ದಾಯಿತು. ಒಂದು ವಾರ ಕಾಲಿಡಲು ಜಾಗವಿಲ್ಲದೆ ಬೈದುಕೊಂಡಿದ್ದ ನಡುಮನೆ ಈಗ ಭಣಭಣ ಅನ್ನುತ್ತಿದೆ.

ಅಪ್ಪನದೊಂದು ಪ್ರಶ್ನೆ ಇದೆ. ಮುಂದಕ್ಕೆ ಹೋಗಬೇಕಾದ ಚೆಂಡನ್ನು ಕೈಯಲ್ಲಿ ಹಿಂದಕ್ಕೇ ಯಾಕೆ ಎಸೆಯಬೇಕು? ಬಿಡುವಾದಾಗ ಅವರಿಗೆ ಹೇಳು, ನನ್ನನ್ನು ಕೇಳಿ ಕೇಳಿ ತಲೆ ತಿನ್ನುತ್ತಿದ್ದಾರೆ.

ಮತ್ತೆ ಆ ಕರಿ ಟೀ ಶರ್ಟ್. ಅಡುಗೆಕಟ್ಟೆಗೆ ಹಾಕಿದೆಯಾ, ಇಲ್ಲ ಒಗೆದು ಮಡಿಸಿ ಇಟ್ಟಿದ್ದೀಯಾ?

ನಿನ್ನ
ಅಮ್ಮ