ನಮ್ಮ ಕೋವಿ ಠಾಣೆಯಲ್ಲಿ, ಅವರ ಪಿಸ್ತೂಲು ಎಲ್ಲಿ?

ಮಾನ್ಯರೇ,

ಚುನಾವಣೆ ಬಂತು ಅಂದರೆ ನಮ್ಮ ಕಡೆ ಮೊದಲು ಓಡಾಟ ಶುರುವಾಗುವುದು ಕೋವಿಯದ್ದು. ಅಪ್ಪನ ಕಾಲದ ಒಂಟಿ ನಳಿಗೆ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಹೋಗಿ, ಸಾಲಲ್ಲಿ ನಿಂತು, ಒಪ್ಪಿಸಿ, ಚೀಟಿ ತಗೊಂಡು ಬರಬೇಕು. 2024ರಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಗಿದ್ದು ಮಾರ್ಚ್ 16ಕ್ಕೆ, ಫಲಿತಾಂಶ ಬಂದಿದ್ದು ಜೂನ್ 4ಕ್ಕೆ. ಅಷ್ಟೂ ದಿನ ಕೋವಿ ಠಾಣೆಯ ಮೂಲೆಯಲ್ಲಿತ್ತು. ಮಂಗಕ್ಕೂ ಕಾಡುಹಂದಿಗೂ ನೀತಿ ಸಂಹಿತೆ ಇಲ್ಲವಲ್ಲ, ತೋಟದಲ್ಲಿ ಅವುಗಳದ್ದೇ ದರ್ಬಾರು.

ಇರಲಿ, ಕೋವಿ ಒಪ್ಪಿಸುವುದಕ್ಕೆ ನನ್ನ ತಕರಾರಿಲ್ಲ. ಲೈಸೆನ್ಸ್ ಇದೆ, ನಂಬರ್ ಇದೆ, ಕರೆದಾಗ ತಂದಿಡುತ್ತೇನೆ. ನನ್ನ ಸಿಟ್ಟು ಬೇರೆ ಕಡೆ ಇದೆ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಮನೆಬಾಗಿಲು ತಟ್ಟಿ ಗುಂಡು ಹೊಡೆದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಅವರನ್ನು ಅವರ ಮನೆ ಮುಂದೆಯೇ ಕೊಂದರು. ಎರಡೂ ಕಡೆ ಬಳಕೆಯಾಗಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ನಡುವೆ ಎರಡು ವರ್ಷ, ಆರು ದಿನ. ಅಷ್ಟು ಕಾಲ ಆ ಪಿಸ್ತೂಲು ಯಾರದ್ದೋ ಬೀರುವಿನಲ್ಲೋ, ಚೀಲದಲ್ಲೋ, ಬೈಕಿನ ಡಿಕ್ಕಿಯಲ್ಲೋ ಇತ್ತು ಅಲ್ವಾ? ಅದನ್ನು ಯಾರೂ ಠಾಣೆಗೆ ಕರೆಯಲಿಲ್ಲ. ಲೆಕ್ಕದಲ್ಲೇ ಇಲ್ಲದ್ದನ್ನು ಕರೆಯುವುದಾದರೂ ಹೇಗೆ?

ಆಮೇಲೆ 2025ರ ಜನವರಿ 16, ಬೀದರ್. ಹಾಡಹಗಲು, ಜನ ಓಡಾಡುವ ರಸ್ತೆ. ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಗುಂಡು ಹಾರಿಸಿ, ಜೀವ ತೆಗೆದು, ಹಣದ ಪೆಟ್ಟಿಗೆಯನ್ನು ಬೈಕ್ ಮೇಲೆ ಇಟ್ಟುಕೊಂಡು ಹೋದರು. ಆ ವಿಡಿಯೊ ನೋಡದವರು ರಾಜ್ಯದಲ್ಲಿ ಕಡಿಮೆ. ಒಂದು ವಾರ ಟಿವಿಯಲ್ಲಿ ಅದೇ ಸುದ್ದಿ, ಆಮೇಲೆ ಎಲ್ಲರೂ ಸುಮ್ನಾದರು.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಸಂಸತ್ತು ತಿದ್ದುಪಡಿ ತಂತು. ಲೈಸೆನ್ಸ್ ಇದ್ದವರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಅಂತ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಳ್ಳ ಬಂದೂಕು ತಯಾರಿಸಿ ಮಾರಿದರೆ ಜೀವಾವಧಿಯವರೆಗೂ ಶಿಕ್ಷೆ. ಓದಲು ಬಿಗಿಯಾಗಿದೆ. ಆದರೆ ಇದರಲ್ಲಿ ಬೇಗ ಕೈಗೆ ಸಿಗುವವರು ಯಾರು ಹೇಳಿ, ಈಗಾಗಲೇ ರಿಜಿಸ್ಟರಿನಲ್ಲಿ ಹೆಸರಿರುವ ನಮ್ಮಂಥವರು. ಬಿಹಾರದ ಮುಂಗೇರ್ ಕಡೆಯಿಂದ, ಮಧ್ಯಪ್ರದೇಶದ ಹಳ್ಳಿಗಳಿಂದ ಬರುವ ಪಿಸ್ತೂಲಿಗೆ ರಿಜಿಸ್ಟರೂ ಇಲ್ಲ, ಚೀಟಿಯೂ ಇಲ್ಲ.

ಲೈಸೆನ್ಸ್ ಇದ್ದವರೆಲ್ಲ ಸಾಚಾ ಅಂತಲೂ ನಾನು ಹೇಳುತ್ತಿಲ್ಲ. ಅದೇ 2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಹುಡುಗನೊಬ್ಬ ಅಲ್ಲಿದ್ದ ಬಂದೂಕು ಎತ್ತಿಕೊಂಡು ಆಡುವಾಗ ಗುಂಡು ಹಾರಿ ಪುಟ್ಟ ಮಗು ಸತ್ತಿತು. ಓದಿದ ದಿನ ನಾನು ಎದ್ದು ಹೋಗಿ ನಮ್ಮ ಕೋವಿ ಎಲ್ಲಿದೆ ಅಂತ ನೋಡಿದೆ. ಅಟ್ಟದ ಮೇಲೆ, ಬೀಗ ಇಲ್ಲದೆ ಇತ್ತು. ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದು ಹತ್ತಿ ಇಳಿಯುವ ಅಟ್ಟ ಅದೇ. ಈಗ ಕಬ್ಬಿಣದ ಪೆಟ್ಟಿಗೆ ಮಾಡಿಸಿದ್ದೇನೆ, ತೋಟಾ ಬೇರೆ ಕಡೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ತರಬೇತಿ, ಭದ್ರವಾಗಿ ಇಡುವುದು ಎಲ್ಲ ಬರೆದಿದೆ. ಆದರೆ ಕೋವಿಯನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ನಾಚಿಕೆಯಿಂದಾದರೂ ಮೊದಲೇ ಬೀಗ ಹಾಕುತ್ತಿದ್ದೆ.

ಲೈಸೆನ್ಸ್ ಇಲ್ಲದ ಬಂದೂಕಿನ ವಿಷಯವನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಆ ಪೀಠದಲ್ಲಿ ನಮ್ಮವರೇ ಆದ ಬಿ.ವಿ. ನಾಗರತ್ನ ಅವರೂ ಇದ್ದರು. ಮರುವರ್ಷ, ಪ್ರತಿ ರಾಜ್ಯವೂ ಮುಖ್ಯ ಕಾರ್ಯದರ್ಶಿ ಮುಂದಾಳತ್ವದಲ್ಲಿ ಸಮಿತಿ ಮಾಡಿ ಇದಕ್ಕೆ ಯೋಜನೆ ಹಾಕಬೇಕು ಎಂದು ಹೇಳಿತು. ಸರಿ, ನಮ್ಮ ರಾಜ್ಯದ ಯೋಜನೆ ಏನು? ವಿಧಾನಸಭೆಯಲ್ಲಿ ಅದರ ಮೇಲೆ ಒಂದು ಗಂಟೆಯಾದರೂ ಚರ್ಚೆ ಆಗಬೇಡವೇ? ಒಬ್ಬರನ್ನೊಬ್ಬರು ಬೈಯಲು ಅಲ್ಲಿ ಅದಕ್ಕಿಂತ ಜಾಸ್ತಿ ಟೈಮು ಸಿಗುತ್ತದೆ.

ನಮ್ಮ ಶಾಸಕರು, ಯಾವ ಪಕ್ಷದವರಾದರೂ ಸರಿ, ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ. ಕಳೆದ ಐದು ವರ್ಷದಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಎಷ್ಟು ಕಳ್ಳ ಪಿಸ್ತೂಲು ಸಿಕ್ಕವು, ಅವು ಎಲ್ಲಿಂದ ಬಂದವು, ತಂದುಕೊಟ್ಟವರಲ್ಲಿ ಎಷ್ಟು ಜನಕ್ಕೆ ಶಿಕ್ಷೆಯಾಯಿತು ಅಂತ ಗೃಹ ಸಚಿವರು ನಿಂತು ಓದಲಿ. ಸಂಸದರು ಇದೇ ಪ್ರಶ್ನೆಯನ್ನು ದೆಹಲಿಯಲ್ಲಿ ಕೇಳಲಿ, ಯಾಕೆಂದರೆ ರಾಜ್ಯದ ಗಡಿ ದಾಟಿ ಬರುವ ಮಾಲನ್ನು ಒಂದು ರಾಜ್ಯದ ಪೊಲೀಸರೇ ಹಿಡಿಯಲು ಆಗುವುದಿಲ್ಲ.

ಮುಂದಿನ ಚುನಾವಣೆಗೆ ನಾನು ಮತ್ತೆ ಗೋಣಿಚೀಲ ಹಿಡಿದು ಠಾಣೆಗೆ ಹೋಗುತ್ತೇನೆ. ಅಷ್ಟರೊಳಗೆ ಉತ್ತರ ಸಿಕ್ಕರೆ ಸಾಲಲ್ಲಿ ನಿಂತವರಿಗೆಲ್ಲ ಓದಿ ಹೇಳುತ್ತೇನೆ.

— ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು