ಗೆರೆ ಹಿಡಿದು ಓಡಿದ ಮಾತ್ರಕ್ಕೆ ಎಐ ಆಗದು

ಮಾನ್ಯ ಸಂಪಾದಕರೇ,

‘ಎಐ ರೋಬೋಟ್’ ಎಂದು ಶಾಲೆಗಳಿಗೆ ಕಿಟ್ ಮಾರುವವರು ಡೆಮೊದಲ್ಲಿ ಸಾಮಾನ್ಯವಾಗಿ ತೋರಿಸುವುದು ಕಪ್ಪು ಟೇಪಿನ ಮೇಲೆ ಓಡುವ ಪುಟ್ಟ ಗಾಡಿಯನ್ನು. ಅದರ ಅಡಿಯಲ್ಲಿ ಎರಡು ಇನ್‌ಫ್ರಾರೆಡ್ ಸೆನ್ಸರ್‌ಗಳಿರುತ್ತವೆ. ಎಡಗಡೆಯದಕ್ಕೆ ಕಪ್ಪು ಕಂಡರೆ ಎಡಕ್ಕೆ ತಿರುಗು, ಬಲಗಡೆಯದಕ್ಕೆ ಕಂಡರೆ ಬಲಕ್ಕೆ. ಇಷ್ಟೇ ಮೊದಲೇ ಬರೆದಿಟ್ಟ ನಿಯಮ. ಕೋಡಿಂಗ್ ಕಲಿಸಲು ಒಳ್ಳೆಯದೇ, ಆದರೆ ಯಂತ್ರ ಅಲ್ಲಿ ಏನನ್ನೂ ಕಲಿಯುವುದಿಲ್ಲ. ಮುಖ್ಯ ಶಿಕ್ಷಕರಾಗಲಿ ಎಸ್‌ಡಿಎಂಸಿಯವರಾಗಲಿ ಕೊಳ್ಳುವ ಮೊದಲು ಕೇಳಬೇಕಾದದ್ದು ಇದು: ಮಕ್ಕಳೇ ಉದಾಹರಣೆ ಕೊಟ್ಟು ಇದಕ್ಕೆ ಹೊಸತನ್ನು ಕಲಿಸಬಹುದೇ? ತಪ್ಪು ಕಲಿತರೆ ಉದಾಹರಣೆ ಬದಲಿಸಿ ಮತ್ತೆ ಕಲಿಸಬಹುದೇ?

ಇದಕ್ಕೆ ದುಬಾರಿ ಕಿಟ್ ಬೇಕಿಲ್ಲ. ಉದಾಹರಣೆ ಕೊಟ್ಟು ಯಂತ್ರಕ್ಕೆ ಕಲಿಸುವ ತಾಣ, ಗೂಗಲ್‌ನ ಟೀಚಬಲ್ ಮಷೀನ್ ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ, ಭಾಷೆಯ ಹಂಗೂ ಇಲ್ಲ. ‘ಹೋಗು’, ‘ನಿಲ್ಲು’ ಎಂದು ಕನ್ನಡದಲ್ಲೇ ಕಲಿಸಬಹುದು. ಮೊದಲು ತರಗತಿಯ ಗದ್ದಲವನ್ನು 20 ಸೆಕೆಂಡು ರೆಕಾರ್ಡ್ ಮಾಡಬೇಕು. ಆಮೇಲೆ ಪ್ರತಿ ಪದಕ್ಕೆ ಒಂದೊಂದು ಸೆಕೆಂಡಿನ ಕನಿಷ್ಠ 8 ಸ್ಯಾಂಪಲ್ ಕೇಳುತ್ತದೆ. ನೀವು 30 ಕೊಡಿ, ಅದೂ ಬೇರೆ ಬೇರೆ ಮಕ್ಕಳ ದನಿಯಲ್ಲಿ. ಮೇಷ್ಟರ ದನಿಯನ್ನಷ್ಟೇ ಕೇಳಿ ಕಲಿತ ಗಾಡಿ ಮಕ್ಕಳು ಕೂಗಿದರೆ ಕದಲದೆ ನಿಲ್ಲಬಹುದು. ಯಾಕೆ ಹೀಗಾಯಿತು ಎಂದು ಮಕ್ಕಳು ತಲೆ ಕೆರೆದುಕೊಳ್ಳುವ ಆ ಹತ್ತು ನಿಮಿಷಕ್ಕಾಗಿಯೇ ರೋಬೋಟ್ ತರಿಸುವುದು. ಚಿತ್ರಗಳಲ್ಲೂ ಅಷ್ಟೆ. ಟೊಮೆಟೊ ಹಣ್ಣಿನ ಫೋಟೊಗಳನ್ನೆಲ್ಲ ಕಿಟಕಿ ಪಕ್ಕ, ಕಾಯಿಯವನ್ನೆಲ್ಲ ಕಪ್ಪುಹಲಗೆ ಮುಂದೆ ತೆಗೆದರೆ ಯಂತ್ರ ಗುರುತು ಹಿಡಿಯುವುದು ಕಿಟಕಿಯನ್ನು.

ಬೋರ್ಡಿನ, ಅಂದರೆ ಗಾಡಿಯನ್ನು ನಡೆಸುವ ಪುಟ್ಟ ಕಂಪ್ಯೂಟರಿನ, ವಿಚಾರದಲ್ಲಿ ಮೆಮೊರಿ ನೋಡಿ. ಆರ್ಡುಯಿನೊ ಊನೊ ಆರ್3 ಬೋರ್ಡಿನಲ್ಲಿರುವುದು ಬರೀ 2 ಕೆಬಿ ರ್‍ಯಾಮ್. ಯಂತ್ರ ಹೀಗೆ ಕಲಿತದ್ದನ್ನು ಹಿಡಿದಿಡುವ ಪ್ರೋಗ್ರಾಂ, ಅಂದರೆ ಮಾಡೆಲ್, ಅದರಲ್ಲಿ ಹಿಡಿಸದು. ಲ್ಯಾಪ್‌ಟಾಪಿನಲ್ಲಿ ಓಡಿಸಿ ಆಜ್ಞೆಯನ್ನಷ್ಟೇ ಗಾಡಿಗೆ ಕಳಿಸಬೇಕು. ಮೈಕ್ರೋಬಿಟ್ ಎಂಬ ಇನ್ನೊಂದು ಬೋರ್ಡಿನ ಎರಡನೇ ಆವೃತ್ತಿಯಲ್ಲಿ 128 ಕೆಬಿ ಇದೆ. ಕೈಸನ್ನೆ ಗುರುತಿಸುವ ಮಾಡೆಲನ್ನು ಕ್ರಿಯೇಟ್‌ಎಐ ಎಂಬ ಉಚಿತ ತಾಣದಲ್ಲಿ ತಯಾರಿಸಿ ಬೋರ್ಡಿಗೇ ಇಳಿಸಿದರೆ ಆಮೇಲೆ ಇಂಟರ್‌ನೆಟ್ ಬೇಡ. ಮೊದಲ ಆವೃತ್ತಿಯಲ್ಲಿ ಇದು ನಡೆಯುವುದಿಲ್ಲ. ಹಳೇ ಸ್ಟಾಕ್ ಅಗ್ಗಕ್ಕೆ ಬಂದರೆ ಎದುರಿನ ಲೋಗೊ ನೋಡಿ. ಎರಡನೆಯದರಲ್ಲಿ ಅದು ಚಿನ್ನದ ಬಣ್ಣದ್ದು.

ಕಿಟ್ ಬೀರು ಸೇರುವುದು ಹೆಚ್ಚಾಗಿ ಕರೆಂಟಿನ ದೆಸೆಯಿಂದ. ಮುಖ, ವಸ್ತು ಗುರುತಿಸುವ ಹಸ್ಕಿಲೆನ್ಸ್ ಕ್ಯಾಮೆರಾ 3.3 ವೋಲ್ಟಿನಲ್ಲಿ ಸುಮಾರು 320 ಮಿಲಿಆಂಪ್ ಎಳೆಯುತ್ತದೆ, ಮೈಕ್ರೋಬಿಟ್‌ನ ಎರಡನೇ ಆವೃತ್ತಿ ಹೊರಗೆ ಕೊಡಬಲ್ಲದ್ದು 190. ನೇರ ಜೋಡಿಸಿದರೆ ಬೋರ್ಡ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗಬಹುದು. ಕ್ಯಾಮೆರಾದ ಯುಎಸ್‌ಬಿಗೆ ಪವರ್‌ಬ್ಯಾಂಕ್ ಕೊಡಿ, ಗ್ರೌಂಡ್ (ಮೈನಸ್) ವೈರ್ ಬೋರ್ಡಿಗೂ ಕ್ಯಾಮೆರಾಕ್ಕೂ ಒಂದೇ ಇರಲಿ. ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಹಾಯಿಸುವ ಎಲ್298ಎನ್ ಮೋಟಾರ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ನಾಲ್ಕು ರೀಚಾರ್ಜಬಲ್ ಸೆಲ್ ಸೇರಿದರೂ 4.8 ವೋಲ್ಟ್, ಮೋಟಾರಿಗೆ 3 ಕೂಡ ತಲುಪದೆ ಗಾಡಿ ಗುಂಯ್‌ಗುಟ್ಟುತ್ತ ನಿಂತಿರುತ್ತದೆ. ಟಿಬಿ6612 ಡ್ರೈವರ್ ವಾಸಿ.

ಕೊನೆಯದಾಗಿ ಆ್ಯಪ್. ಗಾಡಿ ಕಂಪನಿಯ ಆ್ಯಪನ್ನೇ ನೆಚ್ಚಿಕೊಂಡಿದ್ದರೆ, ಕಂಪನಿ ಕೈಬಿಟ್ಟ ಮೇಲೆ ಅದೂ ನಿಲ್ಲಬಹುದು. ಕಾಜ್ಮೊ ರೋಬೋಟ್ ತಯಾರಿಸಿದ ಆ್ಯಂಕಿ ಕಂಪನಿ 2019ರಲ್ಲಿ ಬಾಗಿಲು ಹಾಕಿತು. ಲೆಗೊ ಸಂಸ್ಥೆಯೂ ಮೈಂಡ್‌ಸ್ಟಾರ್ಮ್ಸ್ ಸರಣಿಯನ್ನು 2022ರ ಕೊನೆಗೆ ನಿಲ್ಲಿಸಿತು. ಡೆಮೊ ದಿನ ಮಾರಾಟಗಾರರ ಎದುರಿಗೇ ವೈಫೈ ಆಫ್ ಮಾಡಿಸಿ, ಏನೇನು ಉಳಿಯುತ್ತದೆ ನೋಡಿ.

– ರೋಬೋಟಿಕ್ಸ್ ತರಬೇತುದಾರರು, ಹಾಸನ